ಅಜ್ಜಿಗೆ ಹಲ್ಲು ಕಟ್ಟಿಸಿದ ಮಹನೀಯರಿಗೊಂದು ಬಹಿರಂಗ ಪತ್ರ

ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು 'ಫೋರ್‌ಕೆ' ಮಾಡಿಕೊಡುವ ಅಂಗಡಿಯ ಮಾಲೀಕರ ಸನ್ನಿಧಾನಕ್ಕೆ,

ತಾವು ಕಳಿಸಿದ ಪೆನ್‌ಡ್ರೈವ್ ತಲುಪಿತು. ತಮ್ಮ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ತಮ್ಮಂಥವರು ಈಗ ಊರಿಗೊಬ್ಬರಿರುವುದರಿಂದ ಓದಿದವರೆಲ್ಲ ಇದು ತಮ್ಮೂರಿನವರ ವಿಷಯವೇ ಅಂದುಕೊಳ್ಳುತ್ತಾರೆ, ಕೀರ್ತಿ ಹಂಚಿಹೋಗಲಿ.

ಮೊದಲು ಅಭಿನಂದನೆ. 1992ರಲ್ಲಿ ತೀರ್ಥಹಳ್ಳಿಯ ಛತ್ರದಲ್ಲಿ ನಮ್ಮಕ್ಕನ ಮದುವೆ ನಡೆದಾಗ ಅಜ್ಜಿಯ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ತಮ್ಮ ಎಐ ಕೃಪೆಯಿಂದ ಈಗ ಬೆಳ್ಳಗೆ ಎರಡು ಸಾಲು ಹಲ್ಲು ಮೂಡಿವೆ. ಅದರ ಬದಲಿಗೆ ಮೂಗುಬೊಟ್ಟು ಹೋಗಿದೆ, ಕೆನ್ನೆಯ ಮಚ್ಚೆ ಹೋಗಿದೆ. ಅಕ್ಕನ ಜಡೆಯಲ್ಲಿದ್ದ ಮೊಗ್ಗಿನ ದಂಡೆ ಬಿಳಿ ಟವೆಲ್ ಆಗಿದೆ. ಆಗಿನ್ನೂ ಸಣಕಲಾಗಿದ್ದ ಭಾವನನ್ನು ಚೌಕದ ಟಿವಿಯಿಂದ ಅಗಲ ಟಿವಿಗೆ ಎಳೆದು ಕೂರಿಸಿದ್ದರಿಂದ ಅವರು ಧಾರೆಯ ದಿನವೇ ಇವತ್ತಿನ ಗಾತ್ರಕ್ಕೆ ಬಂದಿದ್ದಾರೆ. 4:3ರ ಚಿತ್ರ ಎಂಬುದೊಂದಿದೆ, ಅದರ ಎಡಬಲ ಕಪ್ಪು ಪಟ್ಟಿ ಬಿಟ್ಟರೆ ಯಾರ ಗಂಟೂ ಹೋಗುವುದಿಲ್ಲ ಎಂದು ಹೇಳಹೋದೆ. 'ಕಸ್ಟಮರ್ಸ್ ಫುಲ್ ಸ್ಕ್ರೀನೇ ಕೇಳ್ತಾರೆ ಸಾರ್' ಎಂದಿರಿ. ಕೇಳಿದ್ದು ಕಸ್ಟಮರು, ಊದಿದ್ದು ಭಾವ.

ತಮ್ಮ ಔದಾರ್ಯದ ಲೆಕ್ಕ ಹಾಕಿದೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ. ಕಣ್ಣಿಗೆ ಕಾಣುವುದು 576. ಕಂಪ್ಯೂಟರಿಗೆ ಇಳಿಸುವಾಗ ಅದು 720 ಅಡ್ಡ, 576 ಉದ್ದದ ಚಿತ್ರವಾಗುತ್ತದೆ. ತಮ್ಮ ಫೋರ್‌ಕೆಯಲ್ಲಿ ಸರಿಯಾಗಿ ಅದರ 20 ಪಟ್ಟು ಚುಕ್ಕೆಗಳಿವೆ. ಅಂದರೆ ಕ್ಯಾಸೆಟ್ಟಿನಿಂದ ಬಂದ ಒಂದೊಂದು ಚುಕ್ಕೆಗೆ ಹತ್ತೊಂಬತ್ತು ಚುಕ್ಕೆ ತಮ್ಮ ಕಡೆಯ ಮುಯ್ಯಿ. ಇಷ್ಟು ಧಾರಾಳ ಹುಡುಗನ ಕಡೆಯವರಿಂದಲೂ ಬಂದಿರಲಿಲ್ಲ. ಹಾಗೆ ನೋಡಿದರೆ ಆ 720ನ್ನು ತುಂಬುವಷ್ಟು ವಿವರವೂ ವಿಎಚ್‌ಎಸ್ ಟೇಪಿನಲ್ಲಿಲ್ಲ. ಕಪ್ಪುಬಿಳುಪಿನ ಅಂಶ ಅಡ್ಡಕ್ಕೆ ಸುಮಾರು 240 ಗೆರೆಯ ಮಟ್ಟದ್ದು. ಬಣ್ಣದ್ದು ಅದಕ್ಕಿಂತ ಎಷ್ಟೋ ಕಡಿಮೆ. ಧಾರೆ ಸೀರೆಯ ಕೆಂಪು ಅಂಚು ದಾಟಿ ಪಕ್ಕದ ಪುರೋಹಿತರ ಮಡಿಗೆ ಹರಿಯುವುದು ಅದಕ್ಕೇ. ಇಷ್ಟು ಬಡವನ ಆಸ್ತಿಯಲ್ಲಿ ಒಂದು ಕಾಸೂ ಸೋರದಂತೆ ಇಳಿಸಿಕೊಳ್ಳುವುದೇ ಕಸುಬು. ತಾವು ಸೋರಲು ಬಿಟ್ಟು, ಆಮೇಲೆ ನಕಲಿ ನೋಟು ತುಂಬಿಸಿ ಕೊಟ್ಟಿದ್ದೀರಿ.

ಸೋರಿದ್ದು ಎಲ್ಲೆಲ್ಲಿ ಎಂದು ಅರಿಕೆ ಮಾಡಿಕೊಳ್ಳುತ್ತೇನೆ. ತಮ್ಮ ಮೇಜಿನ ಮೇಲೆ ಕಂಡದ್ದು ಒಂದು ಮಾಮೂಲಿ ವಿಸಿಆರ್, ಅದರಿಂದ ಹೊರಟ ಹಳದಿ ಪಿನ್ನಿನ ವೈರು, ಆ ವೈರು ಹೋಗಿ ಸೇರುವ ಬೆಂಕಿಪೊಟ್ಟಣದಷ್ಟಿರುವ ಎಚ್‌ಡಿಎಂಐ ಡಬ್ಬಿ. ವಿಎಚ್‌ಎಸ್ ಟೇಪಿನಲ್ಲಿ ಬೆಳಕಿನ ಸಂಕೇತ ಒಂದು ಕಡೆ, ಬಣ್ಣದ ಸಂಕೇತ ಅದಕ್ಕಿಂತ ಕೆಳಗಿನ ಆವರ್ತನದಲ್ಲಿ ಬೇರೆಯೇ ಕೂತಿರುತ್ತದೆ. ಹಳದಿ ವೈರು ಎರಡನ್ನೂ ಬೆರೆಸಿ ಕಳಿಸುತ್ತದೆ; ಆಚೆಗಿರುವ ಡಬ್ಬಿ ಮತ್ತೆ ಬೇರ್ಪಡಿಸಲು ಒದ್ದಾಡುತ್ತದೆ. ಅಕ್ಕಿ ಬೇಳೆ ಬೇರೆ ಬೇರೆ ಡಬ್ಬದಲ್ಲಿದ್ದದ್ದನ್ನು ಒಟ್ಟಿಗೆ ಸುರಿದು ಮೊರ ಹಿಡಿದು ಕೂತ ಹಾಗೆ. ಜರಿ ಅಂಚಿನ ಮೇಲೆ ಚುಕ್ಕೆಗಳು ಸಾಲುಗಟ್ಟಿ ತೆವಳುತ್ತಿವೆಯಲ್ಲ, ಅವು ಆರಿಸಲಾಗದೆ ಉಳಿದ ಬೇಳೆ. ಎಸ್-ವಿಡಿಯೊ ಎಂಬ ದುಂಡನೆಯ ಕನೆಕ್ಟರ್ ಇರುವ ಪ್ಲೇಯರಾದರೆ ಎರಡನ್ನೂ ಬೇರೆಬೇರೆಯಾಗಿಯೇ ಕೊಡುತ್ತದೆ. 

ಇನ್ನು ಮಂಟಪದ ಬಾಳೆಕಂಬಗಳು ಉದ್ದಕ್ಕೂ ಸೊಂಟ ಬಳುಕಿಸುತ್ತಿರುವ ವಿಚಾರ. ಇದನ್ನು ತಾವು 'ಟೇಪ್ ಹಾಳಾಗಿದೆ ಸಾರ್' ಎಂದು ಒಂದೇ ಮಾತಿನಲ್ಲಿ ಮುಗಿಸಿದಿರಿ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಕಾಲು ಕಿಲೋಮೀಟರಿನಷ್ಟು ಟೇಪು ಇರುತ್ತದೆ. ಸೆಕೆಂಡಿಗೆ 25 ಸುತ್ತು ತಿರುಗುವ ಡ್ರಮ್ಮಿಗೆ ಅದು ಓರೆಯಾಗಿ ಸುತ್ತಿಕೊಂಡು ಸಾಗುತ್ತದೆ. ಟೇಪು ಕೂದಲೆಳೆಯಷ್ಟು ಹಿಗ್ಗಿದರೂ ಕುಗ್ಗಿದರೂ ಗೆರೆಗಳು ಶುರುವಾಗುವ ಹೊತ್ತು ಏರುಪೇರಾಗುತ್ತದೆ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ಸಹನಾಮೂರ್ತಿ, ಸಿಗ್ನಲ್ ಬಂದ ಹಾಗೆ ತಾನೂ ಹೊಂದಿಕೊಳ್ಳುತ್ತಿತ್ತು. ಸಿಗ್ನಲ್ಲನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡಿಗೆ ಆ ಸಹನೆಯಿಲ್ಲ. ಕೆಲವು ಕಾರ್ಡುಗಳಂತೂ ಹಳೆಯ ಟೇಪಿನ ಈ ಏರುಪೇರನ್ನೇ ನಕಲು ತಡೆಯುವ ಮ್ಯಾಕ್ರೊವಿಷನ್ ಬೀಗವೆಂದು ತಿಳಿದು, ನಮ್ಮಕ್ಕನ ಮದುವೆ ಯಾವುದೋ ಸಿನಿಮಾದ ಕಳ್ಳ ಪ್ರತಿಯೆಂಬಂತೆ ರೆಕಾರ್ಡ್ ಮಾಡಲು ಒಲ್ಲೆ ಎನ್ನುತ್ತವೆ.

ಇದಕ್ಕೆ ಮದ್ದಿದೆ. ಟೈಮ್ ಬೇಸ್ ಕರೆಕ್ಟರ್, ಕಸುಬಿನವರ ಬಾಯಲ್ಲಿ ಟಿಬಿಸಿ. ಬಂದ ಗೆರೆಗಳನ್ನು ಒಂದು ಕ್ಷಣ ತಡೆದು ನಿಲ್ಲಿಸಿ, ಸರಿಯಾದ ಹೊತ್ತಿಗೆ ಒಂದೊಂದಾಗಿ ಬಿಡುವ ಸರ್ಕ್ಯೂಟು. ಒಳ್ಳೆಯ ಎಸ್-ವಿಎಚ್‌ಎಸ್ ಡೆಕ್ಕುಗಳಲ್ಲಿ ಒಳಗೇ ಇರುತ್ತದೆ. ಪ್ಯಾನಾಸಾನಿಕ್ ಡಿಎಂಆರ್-ಇಎಸ್10 ಎಂಬ ಹಳೆಯ ಡಿವಿಡಿ ರೆಕಾರ್ಡರನ್ನು ಈಗ ಡಿವಿಡಿ ಬರೆಯಲು ಯಾರೂ ಕೊಳ್ಳುವುದಿಲ್ಲ. ವಿಸಿಆರಿಗೂ ಕಂಪ್ಯೂಟರಿಗೂ ನಡುವೆ ಇಟ್ಟು ಸಿಗ್ನಲ್ ಹಾಯಿಸಿದರೆ ಬಳುಕುವ ಗೆರೆ ನೆಟ್ಟಗಾಗುತ್ತದೆಂದೇ ಹುಡುಕಿಕೊಂಡು ಹೋಗುತ್ತಾರೆ. ಒಮ್ಮೆ ಬಾಗಿಕೊಂಡೇ ಕಂಪ್ಯೂಟರು ಸೇರಿದ ಗೆರೆಯನ್ನು ಆಮೇಲೆ ನೆಟ್ಟಗೆ ಮಾಡುವುದು ತಮ್ಮ ಎಐಗೆ ಸುಲಭದ ಕೆಲಸವಲ್ಲ. ಅದು ಬಾಗಿದ ಕಂಬವನ್ನೇ ಬಲು ಸ್ಪಷ್ಟವಾಗಿ ತೋರಿಸುತ್ತದೆ, ಅಷ್ಟೆ.

ಅಕ್ಷತೆಯ ದೃಶ್ಯಕ್ಕೆ ಬರೋಣ. ಆ ಇಡೀ ಕ್ಯಾಸೆಟ್ಟಿನಲ್ಲಿ ನನಗೆ ಬೇಕಾದದ್ದು ಅದೊಂದೇ. ಲೈಟ್ ಹಿಡಿದ ಹುಡುಗ ಒಂದು ಹೆಜ್ಜೆ ಮುಂದೆ ಬರುತ್ತಾನೆ, ಗಟ್ಟಿಮೇಳ ಏರುತ್ತದೆ, ನಾಲ್ಕೂ ದಿಕ್ಕಿನಿಂದ ಕೈಗಳು ಮೇಲೇಳುತ್ತವೆ, ಹಳದಿ ಅಕ್ಕಿ ಆ ಬೆಳಕಿನಲ್ಲಿ ಒಂದು ಗಳಿಗೆ ಗಾಳಿಯಲ್ಲಿ ನಿಂತು ಅಕ್ಕನ ತಲೆ ಮೇಲೆ ಸುರಿಯುತ್ತದೆ. ಟೇಪು ಸೆಕೆಂಡಿಗೆ 25 ಚಿತ್ರ ಹಿಡಿದಿದೆ ಎನ್ನುವುದು ಅರ್ಧ ಸತ್ಯ. ಒಂದೊಂದು ಚಿತ್ರವೂ ಎರಡು ಫೀಲ್ಡು; ಬೆಸ ಗೆರೆಗಳದ್ದು ಒಂದು, ಸರಿ ಗೆರೆಗಳದ್ದು ಇನ್ನೊಂದು, ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗದ ಅಂತರ. ಅಂದರೆ ಅಕ್ಕಿ ಬೀಳುವುದನ್ನು ಕ್ಯಾಮೆರಾ ಸೆಕೆಂಡಿಗೆ 50 ಸಲ ನೋಡಿದೆ. ತಮ್ಮ ಡಬ್ಬಿ ಸೆಕೆಂಡಿಗೆ 60ರಂತೆ ಹೊರಗೆ ಬಿಡುತ್ತದೆ, ತಮ್ಮ ಸಾಫ್ಟ್‌ವೇರು ಅದರಲ್ಲಿ ಅರ್ಧ ಎಸೆದು 30 ಉಳಿಸಿಕೊಳ್ಳುತ್ತದೆ. ಹೀಗೆ 50 ಹೋಗಿ 60 ಆಗಿ 30ಕ್ಕೆ ಬಂದು ನಿಂತ ಅಕ್ಷತೆ ಬೀಳುತ್ತಿಲ್ಲ, ಮೆಟ್ಟಿಲಿಳಿಯುತ್ತಿದೆ. ಫೀಲ್ಡುಗಳನ್ನು ಬಂದ ಹಾಗೇ ಉಳಿಸಿಕೊಂಡು, ಆಮೇಲೆ ನಿಧಾನವಾಗಿ ಕ್ಯುಟಿಜಿಎಂಸಿಯಂಥ ಉಚಿತ ಸಾಧನದಿಂದ 50 ಪೂರ್ಣ ಚಿತ್ರಗಳಾಗಿ ಬಿಡಿಸಿದರೆ ಅದೇ ಕ್ಯಾಸೆಟ್ಟಿನಲ್ಲಿ ಅಕ್ಕಿ ನಿಜವಾದ ಅಕ್ಕಿಯ ಹಾಗೆ ಉದುರುತ್ತದೆ. ಇದಕ್ಕೆ ಕಾಸಿಲ್ಲ, ಹೊತ್ತು ಬೇಕು.

ಫೈಲಿನ ಗಾತ್ರದ ಬಗ್ಗೆ ತಮ್ಮ ಮಿತವ್ಯಯ ಮೆಚ್ಚತಕ್ಕದ್ದು. ಏನನ್ನೂ ಅದುಮದೆ ಇಳಿಸಿದರೆ ಪಾಲ್ ವಿಡಿಯೊ ಒಂದು ಗಂಟೆಗೆ ಸುಮಾರು 75 ಜಿಬಿ ತಿನ್ನುತ್ತದೆ. ಹಫ್‌ವೈಯುವಿ, ಎಫ್‌ಎಫ್‌ವಿ1 ಮುಂತಾದ ನಷ್ಟವಿಲ್ಲದ ಕೊಡೆಕ್ಕುಗಳಲ್ಲಿ ಅದರ ಅರ್ಧದ ಆಸುಪಾಸಿಗೆ ಬರುತ್ತದೆ, ಒಂದು ಚುಕ್ಕೆಯೂ ಬದಲಾಗದೆ. ತಾವು ಮೂರು ಗಂಟೆಯ ಮದುವೆಯನ್ನು, ಅದೂ ಇಪ್ಪತ್ತು ಪಟ್ಟು ಹಿಗ್ಗಿಸಿ, ಎರಡು ಜಿಬಿಯಲ್ಲಿ ಕಟ್ಟಿಕೊಟ್ಟಿದ್ದೀರಿ. ಹಾರ್ಡ್ ಡಿಸ್ಕ್ ನಾನೇ ತಂದುಕೊಡುತ್ತೇನೆ ಎಂದಿದ್ದೆ. 'ಅದೆಲ್ಲ ಟಿವೀಲಿ ಓಡಲ್ಲ ಸಾರ್' ಎಂದಿರಿ. ಟಿವಿಗೊಂದು ಚಿಕ್ಕ ಪ್ರತಿ, ಕಾಪಾಡಿಡಲು ಒಂದು ದೊಡ್ಡ ಪ್ರತಿ ಎಂಬ ಎರಡು ಮನೆಯ ಸಂಸಾರ ತಮಗೆ ಒಗ್ಗದೇನೋ.

ತಮಗಿಂತ ಹಟಮಾರಿಗಳೂ ಇದ್ದಾರೆಂದು ತಿಳಿಸಲು ಸಂತೋಷವಾಗುತ್ತದೆ. ವಿಎಚ್‌ಎಸ್-ಡಿಕೋಡ್ ಎಂಬ ಯೋಜನೆಯವರು ವಿಸಿಆರಿನ ಮುಚ್ಚಳ ಬಿಚ್ಚಿ, ಟೇಪು ಓದುವ ಹೆಡ್ಡಿನಿಂದ ಬಂದ ಕಚ್ಚಾ ಆರ್‌ಎಫ್ ಸಂಕೇತವನ್ನೇ ನೇರವಾಗಿ ಹಿಡಿದು ಡಿಸ್ಕಿಗೆ ತುಂಬುತ್ತಾರೆ. ವಿಸಿಆರ್ ಮಾಡಬೇಕಿದ್ದ ಉಳಿದ ಕೆಲಸ, ಟಿಬಿಸಿಯೂ ಸೇರಿ, ಸಾಫ್ಟ್‌ವೇರಿನಲ್ಲೇ ನಡೆಯುತ್ತದೆ. ಅದು ಲೇಸರ್ ಡಿಸ್ಕಿಗೆಂದು ಹುಟ್ಟಿದ ಎಲ್‌ಡಿ-ಡಿಕೋಡಿನ ಕವಲು. ಬೆಸುಗೆ ಹಾಕುವ ಕೈ ಬೇಕು, ತಾಳ್ಮೆ ಬೇಕು, ಮನೆಯವರ ಅನುಮತಿಯೂ ಬೇಕು. ನಮ್ಮ ಬೀದಿಗೆ ಸದ್ಯಕ್ಕೆ ಅದು ಬರುವ ಹಾಗೆ ಕಾಣುವುದಿಲ್ಲ.

ಬೂಷ್ಟಿನ ವಿಷಯ ಹೇಳದೆ ಇರಲಾರೆ. ನಮ್ಮದು ಮಲೆನಾಡು. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದರೆ ಸುರುಳಿಯ ಅಂಚಿಗೆ ಬಿಳಿ ಪುಡಿ ಹಿಡಿದದ್ದು ಕಾಣುತ್ತಿತ್ತು. ತಾವು ಅದನ್ನು ಊದಿ, ಅಂಗಿಗೆ ಒರೆಸಿ, ಒಳಗೆ ತಳ್ಳಿದಿರಿ. ಆ ಪುಡಿ ಈಗ ತಮ್ಮ ವಿಸಿಆರಿನ ಹೆಡ್ಡಿನಲ್ಲಿದೆ. ನಮ್ಮ ನಂತರ ಬಂದ ನಾಮಕರಣ, ಉಪನಯನ, ಗೃಹಪ್ರವೇಶಗಳಿಗೆಲ್ಲ ಪ್ರಸಾದವಾಗಿ ಹಂಚಿಕೆಯಾಗಿರಬೇಕು. ಹೆಡ್ಡನ್ನು ಹತ್ತಿಕಡ್ಡಿಯಿಂದ ಉಜ್ಜುವುದನ್ನೂ ಕಂಡೆ. ಅದರ ಎಳೆ ಸಿಕ್ಕಿಕೊಂಡರೆ ಹೆಡ್ಡಿನ ತುದಿಯೇ ಮುರಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಬಿಳಿ ಕಾಗದವನ್ನು ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನು ಕೈಯಲ್ಲಿ ತಿರುಗಿಸುವುದು ರೂಢಿ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ನಿಲ್ಲಿಸಿತು. ಇನ್ನು ಮುರಿದ ಹೆಡ್ಡಿಗೆ ಹೆಡ್ಡು ಗುಜರಿಯಲ್ಲೇ ಸಿಗಬೇಕು.

ಇಷ್ಟೆಲ್ಲ ಆದಮೇಲೆ 'ಕ್ಯಾಸೆಟ್ ನಾವೇ ಡಿಸ್ಪೋಸ್ ಮಾಡ್ತೀವಿ, ಅದಕ್ಕೆ ಚಾರ್ಜ್ ಇಲ್ಲ' ಎಂದಿರಿ. ತಮ್ಮ ಈ ಉಚಿತ ಸೇವೆಯನ್ನು ಮಾತ್ರ ದಯವಿಟ್ಟು ನಿಲ್ಲಿಸಿಬಿಡಿ. ಇನ್ನೂ ಒಂದು ಸಲ ಸರಿಯಾಗಿ ಓಡಲು ಆ ಟೇಪಿಗೆ ಶಕ್ತಿಯಿದೆ. ನಾಳೆ ಸೋಮವಾರ ಬಂದು ಒಯ್ಯುತ್ತೇನೆ.

ಬಂದಾಗ ಒಂದು ವ್ಯಾಪಾರ ಕುದುರಿಸೋಣ. ತಮ್ಮ ಅಂಗಡಿಯ ಮೂಲೆಯಲ್ಲಿ ವೈಫೈ ರೌಟರನ್ನು ಎತ್ತರಿಸಲು ಒಂದು ಕಪ್ಪು ಪೆಟ್ಟಿಗೆ ಇಟ್ಟಿದ್ದೀರಿ; ತಮ್ಮ ತಂದೆಯವರು ಮದುವೆ ವಿಡಿಯೊ ಮಿಕ್ಸಿಂಗ್ ಮಾಡುತ್ತಿದ್ದ ಕಾಲದ್ದಂತೆ. ಧೂಳಿನಡಿ ಎಸ್-ವಿಎಚ್‌ಎಸ್ ಎಂದು ಬರೆದಿದೆ, ಬಲಗಡೆ ಟಿಬಿಸಿ ಎಂದು ಒಂದು ಗುಂಡಿಯೂ ಇದೆ. ಅದನ್ನು ನನಗೆ ಕೊಡಿ. ಪಿಂಚ್ ರೋಲರಿನ ರಬ್ಬರು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ, ರಿಮೋಟ್ ಇಲ್ಲದಿದ್ದರೂ ನಡೆಯುತ್ತದೆ. ಬೆಲೆ ತಾವೇ ಹೇಳಿ. ಫೋರ್‌ಕೆಗೆ ಕೊಡಬೇಕಿರುವ ಬಾಕಿ ಹಣವನ್ನೂ ಅದಕ್ಕೇ ಸೇರಿಸಿ ಕೊಟ್ಟುಬಿಡುತ್ತೇನೆ, ರೌಟರಿಗೆ ಹೊಸ ಸ್ಟ್ಯಾಂಡೂ ನನ್ನದೇ.

ಇತಿ ತಮ್ಮ ವಿಶ್ವಾಸಿ,
ಹಲ್ಲಿಲ್ಲದ ಅಜ್ಜಿಯ ಮೊಮ್ಮಗ