ಗ್ರಾಹಕರಿಲ್ಲದ ಗ್ರಾಹಕ ಶೋಧನೆ

ಉತ್ಪನ್ನವನ್ನು ಕಟ್ಟುವ ಮೊದಲೂ ಕಟ್ಟುತ್ತಿರುವಾಗಲೂ ಬಳಕೆದಾರರ ನಿಜವಾದ ಅಗತ್ಯವನ್ನು ಅವರಿಂದಲೇ ಅರಿಯುವ ಕ್ರಮಕ್ಕೆ ತಂತ್ರಾಂಶೋದ್ಯಮದಲ್ಲಿ ‘ಡಿಸ್ಕವರಿ’ ಎಂಬ ಹೆಸರಿದ್ದು, ಉತ್ಪನ್ನ ತಂಡವು ವಾರಕ್ಕೊಮ್ಮೆಯಾದರೂ ಗ್ರಾಹಕರೊಡನೆ ಮಾತನಾಡಬೇಕೆಂದು ಲೇಖಕಿ ತೆರೇಸಾ ಟೊರೆಸ್ 2021ರ ತಮ್ಮ ಕೃತಿಯಲ್ಲಿ ಪ್ರತಿಪಾದಿಸಿದ್ದಾರೆ. ಈ ತತ್ತ್ವವು ಕಚೇರಿಯನ್ನು ಪ್ರವೇಶಿಸಿದಾಗ ಹುಟ್ಟುವ ಸಂವಾದದ ಮಾದರಿ ಹೀಗಿರುತ್ತದೆ.

ತರಬೇತುದಾರ: ಈ ವಾರ ತಂಡವು ಎಷ್ಟು ಗ್ರಾಹಕರನ್ನು ಸಂದರ್ಶಿಸಿತು?

ವ್ಯವಸ್ಥಾಪಕ: ಸಂದರ್ಶನದ ನಮೂನೆ, ಅದನ್ನು ಅನುಮೋದಿಸುವ ಸಮಿತಿ ಮತ್ತು ಆ ಸಮಿತಿಯ ಉಪಸಮಿತಿ ಸಿದ್ಧವಾಗಿರುವುದರಿಂದ, ಗ್ರಾಹಕರ ಹೊರತು ಉಳಿದೆಲ್ಲವೂ ಪೂರ್ಣಗೊಂಡಿದೆ.

ತರಬೇತುದಾರ: ಹಾಗಿದ್ದರೆ ಅವರ ಅಗತ್ಯ ತಿಳಿದದ್ದು ಹೇಗೆ?

ವ್ಯವಸ್ಥಾಪಕ: ‘ಇಂಥ ಸೌಲಭ್ಯ ಕೊಟ್ಟರೆ ಗ್ರಾಹಕರು ಬಳಸುವರೇ?’ ಎಂದು ಮಾರಾಟ ವಿಭಾಗವನ್ನು ಕೇಳಲಾಗಿ, ಅದು ಗ್ರಾಹಕರ ಪರವಾಗಿ ಸರ್ವಾನುಮತದಿಂದ ಒಪ್ಪಿತು.

ತರಬೇತುದಾರ: ಮುಂದೆ ಬಳಸುವಿರಾ ಎಂಬ ಪ್ರಶ್ನೆಗೆ ಸೌಜನ್ಯದ ಉತ್ತರವಷ್ಟೇ ದೊರೆಯುವುದರಿಂದ, ಕಳೆದ ಬಾರಿ ಆ ಕೆಲಸವನ್ನು ಹೇಗೆ ಮಾಡಿದಿರೆಂದು ಗ್ರಾಹಕರನ್ನೇ ವಿಚಾರಿಸಬೇಕಲ್ಲವೇ?

ವ್ಯವಸ್ಥಾಪಕ: ಧಾರಾಳವಾಗಿ ವಿಚಾರಿಸಬಹುದು, ಆದರೆ ಬಿಡುಗಡೆಯ ದಿನಾಂಕ ಈಗಾಗಲೇ ಘೋಷಿತವಾಗಿರುವುದರಿಂದ, ಉತ್ತರವು ನಿರ್ಧಾರಕ್ಕೆ ವಿರುದ್ಧವಾಗಿರಬಾರದೆಂಬುದೊಂದೇ ಷರತ್ತು.

ತರಬೇತುದಾರ: ವಿರುದ್ಧವಾದರೆ?

ವ್ಯವಸ್ಥಾಪಕ: ಯೋಜನೆಯನ್ನು ಬದಲಿಸಲು ಆಯವ್ಯಯದಲ್ಲಿ ಅವಕಾಶವಿಲ್ಲದಿದ್ದರೂ, ಗ್ರಾಹಕರನ್ನು ಬದಲಿಸಲು ಸಾಕಷ್ಟು ಅನುದಾನವನ್ನು ಕಾದಿರಿಸಲಾಗಿದೆ.