ಹಿಂದೆ ನಿಂತವರ ಪುರಾಣ

ಬಂಕಾಪುರದಲ್ಲಿ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಖಚಿತವಾದ ಅಭಿಪ್ರಾಯ ಇಟ್ಟುಕೊಂಡವರು ನಾವು ಮೂರೇ ಮಂದಿ. ಮೂವರೂ ಆ ಚೆಂಡನ್ನು ಇನ್ನೂ ಕೈಯಿಂದ ಮುಟ್ಟಿಲ್ಲ. ಮುಟ್ಟಿದ್ದರೆ ಅಭಿಪ್ರಾಯ ಇಷ್ಟು ಖಚಿತವಾಗಿ ಉಳಿಯುತ್ತಿತ್ತೋ ಇಲ್ಲವೋ.

ಕೋಟೆ ಕಡೆ ಹೋಗುವ ದಾರಿಯ ಚಹಾದಂಗಡಿಯಲ್ಲಿ ಸಂಜೆ ಸಭೆ. ಗೋವಿನಜೋಳದ ರೇಟು, ನಲ್ಲಿ ನೀರು, ಯಾರ ಮನೆಯ ಕನ್ಯೆ ಯಾವ ಊರಿಗೆ ಎಂಬ ವಿಷಯಗಳನ್ನೆಲ್ಲ ಎರಡು ನಿಮಿಷದಲ್ಲಿ ಮುಗಿಸಿ ಮುಖ್ಯ ಅಜೆಂಡಾಕ್ಕೆ ಬರುತ್ತೇವೆ: ಜಗತ್ತು ಕಂಡ ಅತಿ ದೊಡ್ಡ ‘ಸೇಫ್ಟಿ’ ಯಾರು? ಸೇಫ್ಟಿ ಅಂದರೆ ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು. ಮುಂದಿನವರು ತಪ್ಪಿದರೆ ಗುಂಪಿನಲ್ಲಿ ಗೋವಿಂದ. ಇವನು ತಪ್ಪಿದರೆ ಇವನ ಹಿಂದೆ ಮತ್ಯಾರೂ ಇಲ್ಲ, ಹುಲ್ಲು ಮಾತ್ರ. 898ರಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಆದದ್ದು ಇದೇ ಬಂಕಾಪುರದಲ್ಲಿ. ಆ ಪುರಾಣಕ್ಕಾದರೂ ಒಂದು ಮುಕ್ತಾಯವಿತ್ತು, ನಮ್ಮ ಈ ವಾದಕ್ಕಿಲ್ಲ.

ನಮ್ಮ ಪಕ್ಷಗಳು ಹಂಚಿಹೋದದ್ದು ಆಟ ನೋಡಿ ಅಲ್ಲ, ಮಕ್ಕಳ ವೀಸಾ ನೋಡಿ. ಒಬ್ಬರ ಮಗಳು ಬಾಲ್ಟಿಮೋರಿನಲ್ಲಿದ್ದಾಳೆ. ಆದ್ದರಿಂದ ಅವರಿಗೆ ಬಾಲ್ಟಿಮೋರ್ ರೇವನ್ಸಿನ ಎಡ್ ರೀಡ್ ದೇವರು. ಎದುರಾಳಿ ಎಸೆದ ಚೆಂಡನ್ನು ನಡುವೆಯೇ 64 ಸಲ ಕಸಿದವನು, 2008ರಲ್ಲಿ ಹಾಗೆ ಕಸಿದದ್ದನ್ನು 107 ಗಜ ಹೊತ್ತು ಓಡಿ ದಾಖಲೆ ಮಾಡಿದವನು. ಇನ್ನೊಬ್ಬರ ಮಗ ಪಿಟ್ಸ್‌ಬರ್ಗಿನಲ್ಲಿ. ಅವರದು ಟ್ರಾಯ್ ಪೊಲಮಾಲು. ಬೆನ್ನು ಮುಚ್ಚುವಷ್ಟು ಕೂದಲು ಬಿಟ್ಟ ಈ ವೀರನ ತಲೆಗೂದಲಿಗೆ 2010ರಲ್ಲಿ ಒಂದು ಶಾಂಪೂ ಕಂಪನಿ ಹತ್ತು ಲಕ್ಷ ಡಾಲರಿನ ವಿಮೆ ಮಾಡಿಸಿತ್ತು. ಪಿಟ್ಸ್‌ಬರ್ಗಿನ ಗುಡ್ಡದ ಮೇಲೆ ಸಾಕ್ಷಾತ್ ವೆಂಕಟೇಶ್ವರನ ಗುಡಿ ಇದೆ. ಅದೇ ಊರಲ್ಲಿ ಅಷ್ಟು ವರ್ಷ ಆಡಿ ಒಂದು ಸಲವೂ ಮುಡಿ ಕೊಡದವನನ್ನು ದೊಡ್ಡವನೆಂದು ಹ್ಯಾಗೆ ಒಪ್ಪುವುದು ಎಂಬುದು ನನ್ನ ವಾದ. ಪಿಟ್ಸ್‌ಬರ್ಗದವರು ಇದಕ್ಕೆ ಈವರೆಗೆ ಉತ್ತರ ಕೊಟ್ಟಿಲ್ಲ, ಚಹಾ ಮಾತ್ರ ನನ್ನ ಲೆಕ್ಕಕ್ಕೆ ಬರೆಸಿದ್ದಾರೆ.

ನನ್ನ ಮಗಳು ಸೇಂಟ್ ಲೂಯಿಯಲ್ಲಿದ್ದಾಳೆ. ಬಾಣಂತನಕ್ಕೆ ಹೆಂಡತಿ ಹೋದಾಗ ನಾನೂ ಹೋದೆ. ಆಕೆಗೆ ಕೆಲಸವಿತ್ತು, ನನಗೆ ಟಿವಿ ಇತ್ತು. ಅಭಿಮಾನ ಬೆಳೆಸಿಕೊಳ್ಳೋಣವೆಂದು ಹೊರಟರೆ ಊರಲ್ಲಿ ತಂಡವೇ ಇಲ್ಲ! ಕಾರ್ಡಿನಲ್ಸ್ ತಂಡ 1988ರಲ್ಲೇ ಅರಿಜೋನಾಕ್ಕೆ ಗಂಟುಮೂಟೆ ಕಟ್ಟಿತ್ತು. ಆಮೇಲೆ ಬಂದ ರ‍್ಯಾಮ್ಸ್ ಕೂಡ 2016ಕ್ಕೆ ಲಾಸ್ ಏಂಜಲೀಸಿಗೆ ಎದ್ದುಹೋಯಿತು. ಹೀಗೆ ತಬ್ಬಲಿಯಾಗಿ ಕೂತಿದ್ದ ನನಗೆ ಪಕ್ಕದ ಮನೆಯ ಮುದುಕನೊಬ್ಬ ಲ್ಯಾರಿ ವಿಲ್ಸನ್ನನ ಕತೆ ಹೇಳಿದ. ಹಿಂದೆ ನಿಲ್ಲಬೇಕಾದವನು ಒಮ್ಮೆಲೇ ಮುಂದೆ ನುಗ್ಗಿ ಚೆಂಡೆಸೆಯುವವನನ್ನೇ ಕೆಡವುವ ಪಟ್ಟನ್ನು ಹೆಸರಿಗೆ ತಂದವನು. 1965ರಲ್ಲಿ ಎರಡೂ ಕೈ ಮುರಿದು, ಎರಡಕ್ಕೂ ಪ್ಲಾಸ್ಟರ್ ಹಾಕಿಸಿಕೊಂಡು, ಆ ಪ್ಲಾಸ್ಟರಿನ ಕೈಗಳಲ್ಲೇ ಪಿಟ್ಸ್‌ಬರ್ಗಿನವರ ಚೆಂಡನ್ನು ಕಸಿದವನು. ಕೇಳಿದ ಕ್ಷಣವೇ ನಾನು ಮತಾಂತರವಾದೆ.

ನಮ್ಮ ದೇಶದಲ್ಲೂ 2012ರ ಸುಮಾರಿಗೆ ಎಲೀಟ್ ಫುಟ್‌ಬಾಲ್ ಲೀಗ್ ಎಂದು ಈ ಆಟ ಶುರುವಾಗಿ, ಬೆಂಗಳೂರು ವಾರ್‌ಹಾಕ್ಸ್ ಎಂಬ ತಂಡವೂ ಇತ್ತು. ಅದರ ಸೇಫ್ಟಿ ಯಾರೆಂದು ಕೇಳಬೇಡಿ. ಅಲ್ಲಿ ಯಾರ ಮಕ್ಕಳೂ ಇರಲಿಲ್ಲ.

ಈ ಸಭೆಗೆ ಆಗೀಗ ಬಾಲ್ಟಿಮೋರದವರ ತಮ್ಮನ ಮಗ ಬೆಂಗಳೂರಿನಿಂದ ಬರುತ್ತಾನೆ, ಮೊಬೈಲ್ ಸಮೇತ. ನಾವು ಗಂಟೆಗಟ್ಟಲೆ ಕಾಯಿಸಿ ಹದಕ್ಕೆ ತಂದ ವಾದವನ್ನು ಹೆಬ್ಬೆರಳಿನಿಂದ ಸವರಿಬಿಡುತ್ತಾನೆ. “ಪಾಲ್ ಕ್ರಾಸ್, 81 ಇಂಟರ್‌ಸೆಪ್ಷನ್. ಎಮ್ಲೆನ್ ಟನೆಲ್, 79. ನಿಮ್ಮೋರೆಲ್ಲಾ ಅವರ ಕೆಳಗೇ ಬರ್ತಾರೆ ಅಂಕಲ್. ಮುಗೀತಲ್ಲ?” ಚರ್ಚೆ ಮುಗಿಸಲಿಕ್ಕೆ ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಲ್ಲಪ್ಪಾ, 1979ರಲ್ಲಿ ಆಟ ಬಿಟ್ಟ ಕ್ರಾಸ್‌ನನ್ನು ಅವರ ಹಾಲ್ ಆಫ್ ಫೇಮ್‌ನವರೇ 1998ರ ತನಕ ಹೊರಗೆ ನಿಲ್ಲಿಸಿದ್ದರು. 81 ಎಂಬ ಅಂಕಿ ಅವರಿಗೆ ಕಾಣಿಸಿರಲಿಲ್ಲವೇ? ಹಿಡಿದದ್ದನ್ನು ಎಣಿಸಬಹುದು. ಇವನು ಹಿಂದೆ ನಿಂತಿದ್ದಾನೆಂದು ಹೆದರಿ ಎದುರಾಳಿ ಎಸೆಯದೇ ಬಿಟ್ಟದ್ದನ್ನು ಯಾವ ಮೊಬೈಲು ಎಣಿಸುತ್ತದೆ? ಹೀಗೆ ನಾನು ಅಬ್ಬರಿಸುವಾಗ ಅವನು ನನ್ನ ವಿಡಿಯೊ ಮಾಡುತ್ತಿದ್ದ ಎಂಬುದು ಆಮೇಲೆ ತಿಳಿಯಿತು.

ಇನ್ನು ಕಾರ್ನರ್ ಕಾಕಾ. ಒಂದು ಕಾಲದಲ್ಲಿ ಶಿಗ್ಗಾವಿ, ಸವಣೂರು, ಹಾನಗಲ್ಲ ಸೀಮೆಯಲ್ಲಿ ಎಲ್ಲಿ ಕಬಡ್ಡಿ ಇದ್ದರೂ ಎಡ ಮೂಲೆಯಲ್ಲಿ ಇವರೇ. ನಮ್ಮ ಸಭೆಯಲ್ಲಿ ಅವರದು ವಿರೋಧ ಪಕ್ಷ. “ತಲಿಗೆ ಟೊಪಿಗಿ, ಭುಜಕ್ಕ ಗಾದಿ ಕಟ್ಟಿಕೊಂಡು ಆಡೂದು ಏನ್ ಆಟಾರೀ ಅದು? ಬರೇ ಮೈಯಾಗ ಬರ್ರಿ ಅನ್ರಿ.” ಅವರ ದೇವರ ಪಟ್ಟಿಯೇ ಬೇರೆ. ಪ್ರೊ ಕಬಡ್ಡಿಯ ಮೊದಲ ವರ್ಷಗಳಲ್ಲಿ ಬೆಂಗಳೂರು ಬುಲ್ಸ್‌ನಲ್ಲಿದ್ದ ಮಂಜೀತ್ ಛಿಲ್ಲರ್ ಒಬ್ಬ. ಎಲ್ಲರ ಮೇಲೆ ಇರಾನಿನ ಫಜಲ್ ಅತ್ರಾಚಲಿ. 1990ರಿಂದ ಏಷ್ಯನ್ ಗೇಮ್ಸಿನ ಚಿನ್ನ ಬಿಡದಿದ್ದ ನಮ್ಮವರನ್ನು 2018ರಲ್ಲಿ ಜಕಾರ್ತಾದ ಸೆಮಿಫೈನಲ್‌ನಲ್ಲಿ ಕೆಡವಿದ ತಂಡದವನು. ಅವತ್ತು ಕಾಕಾ ರಾತ್ರಿ ಊಟ ಮಾಡಲಿಲ್ಲ. ಆದರೂ, “ಎಡಗಾರ್ನರ್ ಅಂದ್ರ ಅಂವನs. ಸಿಟ್ಟು ಬ್ಯಾರೆ, ಕಾಲು ಹಿಡಿಯೂ ವಿದ್ಯೆ ಬ್ಯಾರೆ” ಅನ್ನುತ್ತಾರೆ.

ಅಮೆರಿಕದವರಲ್ಲಿ ಕಾಕಾ ಒಪ್ಪಿದ್ದು ಒಬ್ಬನನ್ನೇ, ಸ್ಯಾನ್ ಫ್ರಾನ್ಸಿಸ್ಕೊದ ರಾನಿ ಲಾಟ್. 1985ರ ಕೊನೆಗೆ ಡಲ್ಲಾಸಿನವನನ್ನು ಕೆಡವುವಾಗ ಅವನ ಎಡಗೈಯ ಕಿರುಬೆರಳು ಜಜ್ಜಿಹೋಯಿತು. ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಹೋದರೆ ಬಹಳ ದಿನ ಕೂರಬೇಕಾಗುತ್ತದೆಂದು ಅವನು ಬೆರಳಿನ ತುದಿಯನ್ನೇ ಕತ್ತರಿಸಿಕೊಂಡ. ಇದನ್ನು ಹೇಳಿದಾಗ ಕಾಕಾ ತಮ್ಮ ಬಲಗೈ ಮುಂದೆ ಚಾಚಿದರು. ಕಿರುಬೆರಳು ಎರಡನೆಯ ಗೆಣ್ಣಿನಲ್ಲಿ ಹೊರಕ್ಕೆ ತಿರುಗಿ ಹಾಗೇ ಕಲ್ಲಾಗಿದೆ. ಬಸಿಯಲ್ಲಿ ಚಹಾ ಹುಯ್ದುಕೊಂಡು ಕುಡಿಯುವಾಗ ಉಳಿದ ನಾಲ್ಕು ಬೆರಳು ಬಸಿ ಹಿಡಿದರೆ ಅದೊಂದು ದೂರ ನಿಂತು ದಾರಿ ತೋರಿಸುತ್ತಿರುತ್ತದೆ. “ನಂದೂ ಹೀಂಗs ಆಗಿತ್ತು. ನಾ ಕತ್ತರಿಸಲಿಲ್ಲ. ಅರಿಷಿಣ ಹಚ್ಚಿ ಮರುದಿನ ಆಡಿದೆ. ಈಗ ಹೇಳ್ರಿ, ಯಾರು ದೊಡ್ಡವ್ರು?”

ನಮಗೆ ಆಗ ಬಾಯಿ ಬರಲಿಲ್ಲ. ಬಂದದ್ದು ಬಾಲ್ಟಿಮೋರದವರಿಗೆ, ಅದೂ ನನ್ನ ಮೇಲೆ. “ಬೆರಳು ಹೋಗಲಿ ಬಿಡ್ರಿ. ಎರಡೂ ಕೈಗೆ ಪ್ಲಾಸ್ಟರ್ ಹಾಕ್ಕೊಂಡು ಚೆಂಡು ಹಿಡದಾನು ಅಂದ್ರ ಯಾರು ನಂಬ್ತಾರ? ನಿಮ್ಮ ವಿಲ್ಸನ್ನಂದು ಬರೇ ಪುರಾಣ.”

ನನ್ನ ವಿಲ್ಸನ್ನನಿಗೆ ಪುರಾಣವೇ! ಎದ್ದು ನಿಂತೆ. ಪ್ರಾತ್ಯಕ್ಷಿಕೆ ಆಗಲಿ ಎಂದೆ.

ಚೆಂಡಿನ ಪ್ರಶ್ನೆ ಬಂತು. ಅಂಗಡಿಯ ಮೂಲೆಯಲ್ಲಿ ಸಿಪ್ಪೆ ಸುಲಿಯದ ತೆಂಗಿನಕಾಯಿ ಬಿದ್ದಿತ್ತು. ಎರಡೂ ತುದಿ ಚೂಪು, ನಡು ದಪ್ಪ. ಅಮೆರಿಕದವರು ಇದನ್ನೇ ನೋಡಿ ಚೆಂಡು ಹೊಲಿದಿರಬೇಕು. ಪ್ಲಾಸ್ಟರಿಗೆ ಅಂಗಡಿಯ ಎರಡು ಟವೆಲ್ಲು ಬಂದವು. ಒಂದರಿಂದ ಆಗಷ್ಟೇ ಬೆಂಚು ಒರೆಸಿದ್ದರು. ಪಿಟ್ಸ್‌ಬರ್ಗದವರು ನನ್ನ ಎರಡೂ ಮುಂಗೈಗಳಿಗೆ ಅವನ್ನು ಸುತ್ತಿ, ಸುತ್ತಿ, ಮೇಲೆ ಸುತಳಿ ಬಿಗಿದರು. ಬಿಗಿಯುವಾಗ ಅವರ ಮುಖದಲ್ಲಿ ಮುಡಿಯ ವಾದದ ಸೇಡು ಇತ್ತು. ಬೆರಳು ಒಳಗೆಲ್ಲೋ ಕಾಣೆಯಾದವು. ಮೂಗು ತುರಿಸಿತು, ತುರಿಸಿಕೊಳ್ಳಲು ಕೈ ಇಲ್ಲ. ನಾನು ಪಂಚೆ ಉಟ್ಟಿದ್ದೇನೆಂಬ ವಿಷಯ ಯಾರಿಗೂ, ಮುಖ್ಯವಾಗಿ ನನಗೆ, ಹೊಳೆಯಲಿಲ್ಲ.

ಅಂಗಡಿಯ ಹಿಂದಿನ ಬಯಲಿನಲ್ಲಿ ಹೋಗಿ ನಿಂತೆ. ಶಾಲೆ ಬಿಟ್ಟ ಹುಡುಗರು ಸೇರಿದರು. ಆಟೋದವನು ಇಂಜಿನ್ ಆರಿಸಿ ಕೂತ. ಕೋಟೆಯ ಕಂದಕದ ಗಿಡಗಳಿಂದ ನವಿಲೊಂದು ಕೂಗಿತು. ಅದನ್ನೇ ಸೀಟಿ ಎಂದು ತಿಳಿದು ಬಾಲ್ಟಿಮೋರದವರು ಕಾಯಿ ಎಸೆದೇಬಿಟ್ಟರು. ಅದು ನೆಟ್ಟಗೆ ಬರಲಿಲ್ಲ. ಗಾಳಿಯಲ್ಲಿ ಉರುಳಿ ಹೊರಳಿ, ಒಮ್ಮೆ ನನ್ನ ಕಡೆ, ಒಮ್ಮೆ ಆಟೋದ ಕಡೆ ಮನಸ್ಸು ಮಾಡುತ್ತ ಬಂತು. ನಾನು ವಿಲ್ಸನ್ನನನ್ನು ನೆನೆದು ಹಾರಿದೆ. ಹಾರಿದೆ ಎಂಬುದು ನನ್ನ ಮಾತು. ವಿಡಿಯೊದಲ್ಲಿ ಹಿಮ್ಮಡಿ ಮಾತ್ರ ಎದ್ದದ್ದು ಕಾಣುತ್ತದೆ. ಕಾಯಿ ಬಂದು ಎದೆಗೆ ಧಪ್ಪೆಂದು ಬಿತ್ತು. ಟವೆಲ್ಲಿನ ಎರಡು ಮೊಂಡು ಕೈಗಳಿಂದ ಅದನ್ನು ಅವುಚಿಕೊಂಡೆ. ಹಿಡಿದೆ! ಹಿಡಿದೇ ಹಿಡಿದೆ!

ಅದೇ ಗಳಿಗೆಗೆ ಪಂಚೆ ಸಡಿಲಾಯಿತು.

ಕಾಯಿ ಬಿಟ್ಟರೆ ವಿಲ್ಸನ್ನನ ಮಾನ ಹೋಗುತ್ತದೆ, ಬಿಡದಿದ್ದರೆ ನನ್ನದು. ಬಿಟ್ಟರೂ ಪಂಚೆ ಕಟ್ಟಲು ಬೆರಳೆಲ್ಲಿವೆ? ಮೊಣಕಾಲು ಕೂಡಿಸಿ ಪಂಚೆಯನ್ನು ಅಲ್ಲೇ ತಡೆದು ನಿಂತೆ. ಆಗ ಪಿಟ್ಸ್‌ಬರ್ಗದವರು, “ಓಡ್ರಿ! ಹಿಡದಮ್ಯಾಲೆ ಓಡಬೇಕು, ಇಲ್ಲಾಂದ್ರ ಲೆಕ್ಕಕ್ಕಿಲ್ಲ!” ಎಂದು ಕೂಗಿದರು. ನಿಯಮದ ಪ್ರಕಾರ ಅದು ಸುಳ್ಳು. ಆದರೆ ನಿಯಮ ಚರ್ಚಿಸುವ ಭಂಗಿಯಲ್ಲಿ ನಾನಿರಲಿಲ್ಲ. ಮೊಣಕಾಲು ಬಿಚ್ಚದೆ, ಪಾದಗಳನ್ನಷ್ಟೇ ಆಡಿಸುತ್ತ, ಕಬ್ಬಿನ ಹಾಲಿನ ಗಾಡಿಯನ್ನೇ ಗೋಲ್ ಗೆರೆ ಎಂದುಕೊಂಡು ಹೊರಟೆ. ಹುಡುಗರು ಕೇಕೆ ಹಾಕಿದರು. ಎಡ್ ರೀಡನ 107 ಗಜ ನನ್ನ ಕಣ್ಣ ಮುಂದಿತ್ತು. ನಾನು ಆರನೆಯ ಗಜದಲ್ಲಿದ್ದಾಗ, ಅದುವರೆಗೆ ಬೆಂಚಿನ ತುದಿಯಲ್ಲಿ ಕೂತಿದ್ದ ಕಾಕಾ ಎಡಗಡೆಯಿಂದ ಬಗ್ಗಿ ನನ್ನ ಹರಡು ಹಿಡಿದರು.

ಆ ಹಿಡಿತವನ್ನು ಏನೆಂದು ಹೇಳಲಿ! ಎಳೆತವಿಲ್ಲ, ತಳ್ಳಾಟವಿಲ್ಲ. ಕಾಲು ಇದ್ದಲ್ಲೇ ಉಳಿಯಿತು, ನಾನು ಮುಂದೆ ಹೋದೆ. ಕಾಯಿ ಕಲ್ಲಿಗೆ ಹೊಡೆದು ಸಿಪ್ಪೆ ಬಿರಿಯಿತು. ಪಂಚೆಯ ಕತೆ ಹೇಳುವುದಿಲ್ಲ. ಕಾಕಾ ಎದ್ದು ಕೈ ಝಾಡಿಸಿಕೊಂಡು, “ಸೂಪರ್ ಟ್ಯಾಕಲ್. ಎರಡು ಪಾಯಿಂಟ್” ಎಂದರು.

ಹಣೆಗೆ ತುಸು ಪೆಟ್ಟಾಗಿತ್ತು. ಐಸು ಹಿಡಿದು ಕೂತಾಗ ಬೆಂಗಳೂರಿನ ಹುಡುಗ ಮೊಬೈಲಿನಿಂದ ತಲೆ ಎತ್ತದೆಯೇ ಡೇವ್ ಡ್ಯೂರ್ಸನ್‌ನ ಸಂಗತಿ ಹೇಳಿದ. ಷಿಕಾಗೊ ಬೇರ್ಸ್ ತಂಡದ ಸೇಫ್ಟಿ, ಎರಡು ತಂಡಗಳಲ್ಲಿ ಸೂಪರ್ ಬೌಲ್ ಗೆದ್ದವನು. ವರ್ಷಗಟ್ಟಲೆ ತಲೆಗೆ ಬಿದ್ದ ಪೆಟ್ಟುಗಳು ಆಟ ಬಿಟ್ಟ ಮೇಲೂ ಅವನನ್ನು ಬಿಡಲಿಲ್ಲ. 2011ರಲ್ಲಿ, ಐವತ್ತನೆಯ ವಯಸ್ಸಿಗೆ, ತನ್ನ ಮೆದುಳನ್ನು ಸಂಶೋಧನೆಗೆ ಕೊಡಿ ಎಂದು ಬರೆದಿಟ್ಟು ಜೀವ ಕಳೆದುಕೊಂಡ. ಬೋಸ್ಟನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ಅವನು ಅಂದುಕೊಂಡಂತೆ, ಪೆಟ್ಟುಗಳಿಂದ ಬರುವ ಮೆದುಳಿನ ಕಾಯಿಲೆಯೇ ಇತ್ತು. ಇವನ ಹೆಸರು ನಮ್ಮ ಮೂವರ ಪಟ್ಟಿಯಲ್ಲೂ ಇರಲಿಲ್ಲ. ನಮ್ಮ ಪಟ್ಟಿಗಳಲ್ಲಿ ಹೊಡೆತ ಕೊಟ್ಟವರಿದ್ದರು, ಅದನ್ನು ಮನೆಗೆ ಒಯ್ದವರಿರಲಿಲ್ಲ.

“ಕಾಕಾ, ನೀವು ಒಟ್ಟು ಎಷ್ಟು ಮಂದಿ ಕಾಲು ಹಿಡಿದೀರಿ?” ಎಂದು ಹುಡುಗ ಕೇಳಿದ. ಈ ಸಲ ಕೊಂಕಿರಲಿಲ್ಲ.

“ಯಾರು ಬರದಿಟ್ಟಾರ? ಶಿಗ್ಗಾವ್ಯಾಗ ಒಬ್ಬ ಮಾಸ್ತರಿದ್ದರು, ಅವರಿಗೆ ಬಾಯಿಪಾಠ ಇತ್ತು. ಅವರೂ ಹ್ವಾದರು.”

ಸೇಂಟ್ ಲೂಯಿಯಲ್ಲಿ 1965ರ ಒಂದು ಮಧ್ಯಾಹ್ನ ಯಾರು ಯಾವ ಕೈಯಲ್ಲಿ ಏನು ಹಿಡಿದನೆಂದು ನನಗೆ ಗೊತ್ತು. ನಮ್ಮ ಊರ ಬಯಲಿನಲ್ಲಿ ಆದದ್ದು ಗೊತ್ತಿಲ್ಲ. ನಾನೂ ಆಗ ಇಲ್ಲೇ ಇದ್ದೆ, ಕಬಡ್ಡಿ ನೋಡಲು ಹೋಗುತ್ತಿರಲಿಲ್ಲ, ಅಷ್ಟೆ. ಹುಡುಗ ಮೊಬೈಲಿನಲ್ಲಿ ‘ಕಾರ್ನರ್ ಕಾಕಾ, ಒಂದು’ ಎಂದು ಬರೆದುಕೊಂಡ. ಆ ಒಂದು ನಾನೇ.

ಅಂಗಡಿಯವನು ಬಿರಿದ ಕಾಯಿ ಸುಲಿದು, ಒಡೆದು ಹೋಳು ಹಂಚಿದ; ದುಡ್ಡು ನನ್ನ ಲೆಕ್ಕಕ್ಕೆ ಬರೆದುಕೊಂಡ. ಇಷ್ಟೆಲ್ಲ ಆದಮೇಲಾದರೂ ವಿಲ್ಸನ್ನನಿಗೆ ಮೊದಲ ಸ್ಥಾನ ಸಿಕ್ಕೀತೆಂದು ನಾನು ಸುತ್ತ ನೋಡಿದೆ. ಹೋಳು ಅಗಿಯುತ್ತಿದ್ದ ಕಾಕಾ ಹುಡುಗನಿಗೆ ಎಲ್ಲರ ತೂಕ ನೋಡಲು ಹೇಳಿದರು. ಪೌಂಡಿನ ಲೆಕ್ಕ ಕಿಲೋಕ್ಕೆ ಇಳಿಯಿತು. ರೀಡ್, ಪೊಲಮಾಲು, ಲಾಟ್ ಮೂವರೂ ತೊಂಬತ್ತರ ಮೇಲೆ. ವಿಲ್ಸನ್ 86.

“ಕಬಡ್ಡಿಗೆ 85 ಕಿಲೋ ಕಡೀ ಗೆರಿ. ನಿಮ್ಮಾಂವಾ ಒಂದು ಕಿಲೋ ಹೆಚ್ಚಾದ. ತಕ್ಕಡಿ ಮ್ಯಾಲಿಂದs ಮನಿಗೆ ಕಳಸ್ತಾರ.”

“ಒಂದು ಏಕಾದಶಿ ಮಾಡಿದರೆ ಇಳೀತಿತ್ತು,” ಎಂದೆ.

“ಪ್ಲಾಸ್ಟರ್ ಹಿಡದು 86 ಏನು, ಬಿಟ್ಟು 86 ಏನು? ಮೊದಲು ಅದನ್ನ ಹೇಳ್ರಿ,” ಎಂದರು ಬಾಲ್ಟಿಮೋರದವರು. ಸಭೆ ಮತ್ತೆ ಶುರುವಾಯಿತು.