ಕೌದಿ ಎಲ್ಲಿಡ್ತೀಯಪ್ಪಾ?

ಸಿರಿಗೆರೆ ಸೀಮೆಯಲ್ಲಿ ಈಗ ಯಾರ ಗೃಹಪ್ರವೇಶಕ್ಕೆ ಹೋದರೂ ಒಂದು ಶಾಸ್ತ್ರ ತಪ್ಪುವುದಿಲ್ಲ. ದೇವರ ಮನೆಗೆ ಕೈಮುಗಿದ ಮೇಲೆ ಯಜಮಾನರು ನಿಮ್ಮನ್ನು ಬೆಡ್‌ರೂಮಿಗೆ ಕರೆದೊಯ್ದು ವಾರ್ಡ್‌ರೋಬಿನ ಬಾಗಿಲನ್ನು ಅರ್ಧ ದೂಡಿ ಕೈಬಿಡುತ್ತಾರೆ. ಅದು ತಾನೇ ತಾನಾಗಿ, ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ನೀವು ‘ಓಹೋ’ ಅನ್ನಬೇಕು. ಅಂದಮೇಲೇ ಊಟಕ್ಕೆ ಎಲೆ.

ಹಳೇ ಮಣ್ಣಿನ ಮನೆಗಳಲ್ಲಿ ಗೋಡೆಯೇ ಎರಡಡಿ ದಪ್ಪ. ಅದರ ಹೊಟ್ಟೆಯೊಳಗೇ ಗೂಡು, ಮಾಡ, ಹಲಗೆ ಬಾಗಿಲಿನ ಅಲಮಾರು. ಕೋಣೆಯ ಒಂದಿಂಚೂ ಖರ್ಚಾಗುತ್ತಿರಲಿಲ್ಲ. ಆಮೇಲೆ ಇಟ್ಟಿಗೆ, ಸಿಮೆಂಟು ಬಂದು ಹೊರಗೋಡೆ ಒಂಬತ್ತಿಂಚಿಗೆ, ಒಳಗೋಡೆ ನಾಲ್ಕೂವರೆಗೆ ಸೊರಗಿತು. ಅಲಮಾರು ಆಚೆ ಬಿತ್ತು. ಗೋದ್ರೇಜಿನವರು 1923ರಲ್ಲೇ ಉಕ್ಕಿನ ಬೀರು ಮಾಡತೊಡಗಿದ್ದರು. ಕ್ರಮೇಣ ಅದು ಮಗಳ ಮದುವೆ ಸಾಮಾನಿನ ಪಟ್ಟಿಗೂ ಏರಿತು. ಈಗ ಅದನ್ನೂ ಹೊರಗಟ್ಟಿ, ಗೋಡೆಯಿಂದ ಗೋಡೆಗೆ, ನೆಲದಿಂದ ಸೂರಿಗೆ ಪ್ಲೈವುಡ್ ಜಡಿಸುತ್ತಿದ್ದೇವೆ. ಕಳೆದುಕೊಂಡ ಗೋಡೆಯ ದಪ್ಪವನ್ನೇ ಚದರಡಿ ಲೆಕ್ಕದಲ್ಲಿ ವಾಪಸು ಕೊಳ್ಳುವುದು ಅಂದರೆ ಇದೇ.

ಅದಕ್ಕೂ ಎರಡಡಿ ಆಳವೇ ಆಗಬೇಕಂತೆ. ಯಾಕೆ? ಹ್ಯಾಂಗರಿನಲ್ಲಿ ಕೋಟು ತೂಗಲು. ನಮ್ಮಲ್ಲಿ ಕೋಟೆಷ್ಟು? ಮದುವೆಗೆ ಹೊಲಿಸಿದ್ದೊಂದು, ಈಗ ಅದರ ಗುಂಡಿ ಕೂಡುವುದಿಲ್ಲ. ಮಿಕ್ಕಿದ್ದೆಲ್ಲ ಮಡಿಸಿಡುವ ಜಾತಿ. ಪಂಚೆ, ಟವೆಲ್ಲು, ಚಳ್ಳಕೆರೆ ಕಂಬಳಿ, ಮಡಿಕೆಯಲ್ಲಿ ಜರಿ ಮುರಿಯದಂತೆ ಆಗಾಗ ಮಡಿಕೆ ಬದಲಿಸಬೇಕಾದ ಮೊಳಕಾಲ್ಮೂರು ರೇಷ್ಮೆ. ಇವಕ್ಕೆ ಒಂದೂಕಾಲಡಿ ಧಾರಾಳ. ಎರಡಡಿ ಕೊಟ್ಟಿರೋ, ಹಿಂದೊಂದು ಕಳ್ಳಸಾಲು ಬೆಳೆಯುತ್ತದೆ. ತರಳಬಾಳು ಹುಣ್ಣಿಮೆಗೆ ಉಡಬೇಕೆಂದಿದ್ದ ಸೀರೆ ಹುಣ್ಣಿಮೆ ಕಳೆದ ಮೇಲೆ ಸಿಗುತ್ತದೆ.

ಇನ್ನು ಕೋಣೆ ಹತ್ತಕ್ಕೆ ಹತ್ತು. ವಾರ್ಡ್‌ರೋಬಿಗೆ ಎರಡಡಿ, ಎದುರಿಗೆ ಆರೂವರೆ ಅಡಿ ಮಂಚ. ಉಳಿದದ್ದು ಒಂದೂವರೆ ಅಡಿ. ಬಾಗಿಲು ತೆಗೆದರೆ ಮಂಚಕ್ಕೆ ಗುದ್ದುತ್ತದೆ. ಸರಿ, ಸ್ಲೈಡಿಂಗ್ ಮಾಡಿಸಿ! ಅದು ಒಮ್ಮೆಗೆ ಅರ್ಧ ಮಾತ್ರ ತೆರೆಯುತ್ತದೆ. ಅವರ ಪಂಚೆ ಕಾಣಬೇಕಾದರೆ ಇವರ ಸೀರೆ ಮುಚ್ಚಬೇಕು. ಬೆಳಗ್ಗೆ ಮದುವೆಗೆ ಹೊರಟ ದಂಪತಿ ಆ ಬಾಗಿಲನ್ನು ಅತ್ತಿತ್ತ ಎಳೆದಾಡುವುದನ್ನು ಕೇಳಿದವರೇ ಬಲ್ಲರು.

ಬೆಂಗಳೂರಿಂದ ಬಂದ ಮೊಮ್ಮಗ ಮೊಬೈಲಿನಲ್ಲಿ ಡಿಸೈನು ತೋರಿಸುತ್ತಾನೆ. ಹತ್ತೇ ಅಂಗಿ, ಹತ್ತೂ ಬೂದಿ ಬಣ್ಣ, ನಡುನಡುವೆ ಗೇಣು ಜಾಗ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, “ಇವ್ರ ಮನೇಲಿ ಮುಯ್ಯಿ ವ್ಯವಹಾರ ಇಲ್ವೇನಪ್ಪಾ?” ಅನ್ನುತ್ತಾಳೆ. ಲಾ ಪಾಯಿಂಟು! ನಮ್ಮ ಮನೆಗಳಲ್ಲಿ ಉಡುವ ಬಟ್ಟೆಗಿಂತ ದಾಟಿಸುವ ಬಟ್ಟೆಯೇ ಹೆಚ್ಚು. ಸಿರಿಗೆರೆಯಿಂದ ಹೊರಟ ಬ್ಲೌಸ್ ಪೀಸು ಭರಮಸಾಗರ, ಹೊಳಲ್ಕೆರೆ ಸುತ್ತಿ, ಮಡಿಕೆ ಮುರಿಯದೆ ತವರಿಗೆ ಬರುತ್ತದೆ. ಯಾರು ಕೊಟ್ಟದ್ದೆಂಬ ಚೀಟಿ ಅಂಟಿಸಿಡಲು ಅದಕ್ಕೊಂದು ಖಾನೆ ಬೇಡವೇ? ಕೊಟ್ಟವರಿಗೇ ಕೊಟ್ಟರೆ ನೆಂಟಸ್ತಿಕೆ ಗತಿಯೇನು?

ಆಚಾರ್ರು ಮಾತ್ರ ಗೋಡೆ ಅಳೆಯುತ್ತಾರೆ. ಎಂಟಡಿ ನಾಲ್ಕಡಿ ಶೀಟು, ಹದಿನೆಂಟು ಎಂಎಂ, ಮೇಲೆ ಮೈಕಾ. ಬಟ್ಟೆಗೆ ಯಾರೂ ಟೇಪು ಹಿಡಿಯುವುದಿಲ್ಲ. ಕೊನೆಗೆ ಅಜ್ಜಿಯೇ ಐದು ಕೌದಿ ತಂದು ಎದುರಿಗೆ ಪೇರಿಸುತ್ತಾಳೆ.

“ಇವನ್ನ ಎಲ್ಲಿಡ್ತೀಯಪ್ಪಾ?”

“ಮೇಲೆ ಲಾಫ್ಟಿಗೆ ಹಾಕಿದ್ರಾಯ್ತು, ಅಮ್ಮಾ.”

“ಮಾಗಿ ಚಳೀಲಿ ರಾತ್ರಿ ಸ್ಟೂಲ್ ಹತ್ತೋರು ಯಾರು, ನೀನು ಬತ್ತೀಯಾ?”

ಆಚಾರ್ರು ಕಿವಿಯ ಪೆನ್ಸಿಲ್ ತೆಗೆದು ನಕ್ಷೆಯಲ್ಲಿದ್ದ ಡ್ರಾಯರುಗಳ ಮೇಲೆ ಗೀಟು ಎಳೆಯುತ್ತಾರೆ. “ಹಂಗಾದ್ರೆ ಕೆಳಗೆ ಮೂರಡಿ ಖಾಲಿ ಬಿಡ್ತೀನಿ. ಅಲ್ಲೇನು ಮಾಡ್ಲಿ?”

“ಏನೂ ಮಾಡಬ್ಯಾಡ. ನನ್ನ ಟ್ರಂಕು ಹಿಡಿಸ್ತೈತೆ.”